ಮನೆಗೋಡೆಗೆ ಬಂದ ಬಂಡೆ

ಬಂಡೆ ಹತ್ತುವವರಿಗೆ ಮಳೆಗಾಲವೇ ಒಂದು ಶಾಪ. ಇಂಗ್ಲೆಂಡಿನಲ್ಲಾದರೆ ಅದಕ್ಕೆ ಚಳಿಯೂ ಜೊತೆ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಡಾನ್ ರಾಬಿನ್‌ಸನ್ 1964ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ನಡುವಂಕಣದ ಇಟ್ಟಿಗೆ ಗೋಡೆಯಲ್ಲಿ ಅಲ್ಲಲ್ಲಿ ನಿಜವಾದ ಕಲ್ಲಿನ ತುಂಡುಗಳನ್ನು ಕೂಡಿಸಿದರು. ಆದರೆ ಗಾರೆಯಲ್ಲಿ ಕೂತ ಕಲ್ಲು ಜಾಗ ಬಿಟ್ಟು ಕದಲದು. ಬೋಲ್ಟು ಹಾಕಿ ಬಿಗಿಯುವ ರಾಳದ ಹಿಡಿಗಳು ಬಂದಮೇಲೆಯೇ ಯಾವುದನ್ನು ಎಲ್ಲಿಡಬೇಕೆಂಬ ವಿಚಾರಕ್ಕೆ ಅರ್ಥ ಬಂದದ್ದು.

ವೋಲ್ಫ್‌ಗಾಂಗ್ ಗುಲ್ಲಿಚ್ ಹಿಡಿಗಳ ಗೊಡವೆಗೇ ಹೋಗಲಿಲ್ಲ. ಜರ್ಮನಿಯ ನ್ಯೂರೆಂಬರ್ಗಿನ 'ಕ್ಯಾಂಪಸ್ ಸೆಂಟರ್' ವ್ಯಾಯಾಮಶಾಲೆಯಲ್ಲಿ, 1988ರ ಸುಮಾರಿಗೆ, ಮುಂದಕ್ಕೆ ವಾಲಿದ ಹಲಗೆಗೆ ಮರದ ಪಟ್ಟಿಗಳನ್ನು ಏಣಿಯಂತೆ ಬಡಿದು, ಕಾಲು ಊರದೆ ಬೆರಳುಗಳಿಂದಲೇ ಜಿಗಿದು ಹತ್ತಿದರು. 1991ರಲ್ಲಿ ಅವರು ಏರಿದ 'ಆಕ್ಷನ್ ಡಿರೆಕ್ಟ್' ಮಾರ್ಗದಲ್ಲಿ ಒಂದೆರಡು ಬೆರಳು ಮಾತ್ರ ಹಿಡಿಸುವ ಗುಳಿಗಳಿದ್ದವು. ಅಂಥ ಗುಳಿಗೆ ಇಂಥ ಪಟ್ಟಿ! ಬೇಕಾದ ಬಂಡೆಯನ್ನು ನೋಡಿ ಹಿಡಿ ಆರಿಸುವುದೆಂದರೆ ಇದೇ.

ಬೆನ್ ಮೂನ್ ಅವರ ದಾರಿ ಬೇರೆ. 2005ರಲ್ಲಿ ಬಂದ ಅವರ 'ಮೂನ್‌ಬೋರ್ಡ್' 40 ಡಿಗ್ರಿ ವಾಲಿದ ಹಲಗೆ. ಎಲ್ಲೆಡೆಯೂ ಅದೇ ಹಿಡಿ, ಅದೇ ಮನೆ, ಅದೇ ದಿಕ್ಕು. ಹತ್ತುವವರು ಮಾರ್ಗವನ್ನು 'ಸಮಸ್ಯೆ' ಎನ್ನುತ್ತಾರೆ. ಒಂದೂರಿನವರು ಒಡ್ಡಿದ ಸಮಸ್ಯೆಯನ್ನು ಇನ್ನೊಂದೂರಿನವರು ಬಿಡಿಸಬಹುದು. ನಮ್ಮ ಅವಧಾನಿಗಳ ಸಮಸ್ಯಾಪೂರಣ ನೆನಪಾಗದೆ ಇರದು.

ಮನೆಯಲ್ಲಿ ಹಲಗೆ ಹೂಡುವವರಿಗೆ ನಾವು ಹೇಳುವುದಿಷ್ಟು: ಅಂಚು ಉಜ್ಜಿದ ಮರದ ಹಿಡಿ ಚರ್ಮಕ್ಕೆ ಹಿತ, ಎಡಕ್ಕಿಟ್ಟದ್ದನ್ನು ಬಲಕ್ಕೂ ಇಡಿ, ಸಣ್ಣ ಕಾಲ್ಹಿಡಿಗಳನ್ನು ಮರೆಯಬೇಡಿ. ಗುಲ್ಲಿಚರ ಪಟ್ಟಿಗಳನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಬೆಳೆಯುವ ಬೆರಳಿನ ಎಲುಬು ಆ ಜಗ್ಗಾಟಕ್ಕೆ ಬಿರುಕು ಬಿಡುತ್ತದೆ.