ಗಂಡನ ಸಾಲ ಹೆಂಡತಿ ತೀರಿಸಬೇಕಾ?

ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿ ಗಂಡ ತೀರಿಕೊಂಡರೆ ಅದನ್ನು ಹೆಂಡತಿ ಕಟ್ಟಬೇಕಾ? ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದಾಗ ಹೆಚ್ಚಿನವರು "ಕಟ್ಟಲೇಬೇಕಲ್ಲ" ಅಂದರು. ಎಲ್ಲರೂ ಓದಿದವರೇ. ಆದರೆ ಈ ಪ್ರಶ್ನೆಗೆ ಸುಮಾರು ಒಂಬೈನೂರು ವರ್ಷದ ಹಿಂದೆಯೇ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಒಬ್ಬರು ಉತ್ತರ ಬರೆದಿಟ್ಟಿದ್ದಾರೆ!

ಅವರು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076-1126) ಕಾಲದವರು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ 'ಮಿತಾಕ್ಷರ' ಎಂಬ ವ್ಯಾಖ್ಯಾನವನ್ನೇ ಮುಂದೆ ಬ್ರಿಟಿಷ್ ಕೋರ್ಟುಗಳು ಹಿಂದೂ ಕಾನೂನು ಅಂತ ಹಿಡಿದುಕೊಂಡವು. ಅದರ ಸಾಲದ ಪ್ರಕರಣ ಓದಿದರೆ ಯಾರೋ ಒಳ್ಳೇ ಪ್ರೋಗ್ರಾಮರ್ ಒಂದೊಂದೇ ಕಂಡೀಶನ್ ಯೋಚಿಸಿ ಬರೆದ ಹಾಗಿದೆ. ಗಂಡ ಮಾಡಿದ ಸಾಲ ಹೆಂಡತಿ ಕೊಡಬೇಕಿಲ್ಲ. ಮನೆಮಂದಿಯ ಖರ್ಚಿಗೆ ಮಾಡಿದ್ದಾದರೆ ಬೇರೆ ಮಾತು. ಅವಳೇ ಒಪ್ಪಿಕೊಂಡಿದ್ದು, ಗಂಡನ ಜೊತೆ ಸೇರಿ ಮಾಡಿದ್ದು, ತಾನೇ ಮಾಡಿದ್ದು ಆದರೆ ಕೊಡಬೇಕು. ಸತ್ತವನ ಆಸ್ತಿ ಯಾರು ತಗೊಂಡರೋ ಸಾಲವೂ ಅವರದ್ದೇ. ಮಗ, ಮೊಮ್ಮಗನಿಗೆ ಮಾತ್ರ ಆಸ್ತಿ ಬರದಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ, ಅದು ಧರ್ಮ. ಆದರೆ ಅಪ್ಪ ಕುಡಿದು, ಜೂಜಾಡಿ ಮಾಡಿದ ಸಾಲಕ್ಕೆ ಮಗನಿಗೂ ರಿಯಾಯಿತಿ ಇದೆ :)

ನನಗೆ ತಡೆದು ನಿಲ್ಲಿಸಿದ್ದು ಇನ್ನೊಂದು ನಿಯಮ. ಆಸ್ತಿ ತಗೊಂಡವನ ಪಕ್ಕದಲ್ಲೇ, ಸತ್ತವನ ಹೆಂಡತಿಯನ್ನು 'ತಗೊಂಡವನೂ' ಸಾಲ ತೀರಿಸಬೇಕು ಅಂತಿದೆ. ಅಂದರೆ ಅವಳು ಸಾಲಗಾರಳಲ್ಲ ನಿಜ, ಆದರೆ ಲೆಕ್ಕದಲ್ಲಿ ಹೊಲ, ಮನೆ, ದನಗಳ ಸಾಲಿಗೆ ಬಂದು ಕೂತಿದ್ದಾಳೆ.

ಇದೇನು ಬರೀ ಓಲೆಗರಿಯಲ್ಲಿ ಉಳಿದ ಮಾತಲ್ಲ. 1856ರಲ್ಲಿ ವಿಧವಾ ವಿವಾಹಕ್ಕೆ ಕಾಯ್ದೆಯ ಒಪ್ಪಿಗೆ ಸಿಕ್ಕಿತು. ಆದರೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಬಿಡಬೇಕಿತ್ತು. ಆಸ್ತಿ ಹೋಯಿತು, ಸಾಲ ಮಾತ್ರ ಹೊಸ ಗಂಡನ ಮನೆಗೆ ಬರಬಹುದಿತ್ತು! ಹತ್ತು ವರ್ಷದ ನಂತರ, 1866ರಲ್ಲಿ, ಮುಂಬಯಿ ಸರ್ಕಾರ ಹಿಂದೂ ವಾರಸುದಾರರ ಸಾಲದ ಬಗ್ಗೆ ಒಂದು ಪುಟ್ಟ ಕಾಯ್ದೆ ತಂದಿತು. ವಿಧವೆಯನ್ನು ಮದುವೆಯಾದ ಮಾತ್ರಕ್ಕೆ ಅವಳ ಮೊದಲ ಗಂಡನ ಸಾಲ ತಗಲುವುದಿಲ್ಲ, ಮಗನೂ ಬಂದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ ಅಂತ. ಆಗ ಧಾರವಾಡ, ಬೆಳಗಾವಿ ಕಡೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು.

ನಂತರದ ಕಥೆ ಸಲೀಸು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಪ್ರಕಾರ ವಾರಸುದಾರರು ಸತ್ತವರಿಂದ ಕೈಗೆ ಬಂದ ಆಸ್ತಿಯಷ್ಟಕ್ಕೇ ಹೊಣೆ. ಕಾರ್ಡಿನ ಬಾಕಿ ಮೂರು ಲಕ್ಷ, ಅವನು ಬಿಟ್ಟುಹೋಗಿದ್ದು ಎಂಬತ್ತು ಸಾವಿರ ಅಂದರೆ ಬ್ಯಾಂಕಿಗೆ ಸಿಗೋದು ಆ ಎಂಬತ್ತು ಸಾವಿರದಲ್ಲೇ. ಹೆಂಡತಿಯ ಸಂಬಳ, ಅವಳ ತವರಿನ ಬಂಗಾರ ಮುಟ್ಟುವ ಹಾಗಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅನ್ನುವ ವಾದವನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು.

ಹಾಗಿದ್ದೂ ನನ್ನ ಕಾಲೇಜಿನ ಗೆಳೆಯ ಅಪಘಾತದಲ್ಲಿ ಹೋದಾಗ ಆಗಿದ್ದೇ ಬೇರೆ. ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ವಸೂಲಿಯವರ ಫೋನು. "ಮೇಡಂ, ಸಾರ್ ಹೆಸರಿಗೆ ಕಳಂಕ ಬರಬಾರದಲ್ವಾ?" ಕಾನೂನಿನ ಮಾತೇ ಇಲ್ಲ ನೋಡಿ, ಬರೀ ಮಾನದ ಮಾತು. ಪಿಎಫ್ ದುಡ್ಡು ಬಂದ ವಾರವೇ ಅವನ ಹೆಂಡತಿ ಅದನ್ನು ತೆಗೆದು ಕಟ್ಟಿಬಿಟ್ಟರು. ನಾಮಿನಿಯ ಕೈಗೆ ಬರುವ ಪಿಎಫ್ ಹಣಕ್ಕೆ ಸತ್ತವರ ಸಾಲ ತಗಲಬಾರದು ಅಂತ 1952ರ ಕಾಯ್ದೆಯಲ್ಲೇ ಬರೆದಿದ್ದರು. ವಿಮೆಗೂ ಇಂಥದೊಂದು ಬೇಲಿ ಇದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆಂದು ಮಾಡಿಸಿದ ಪಾಲಿಸಿಯ ಹಣ ಗಂಡನ ಆಸ್ತಿಗೆ ಸೇರುವುದೇ ಇಲ್ಲ. 1923ರಲ್ಲಿ ಇದನ್ನು ದೇಶದ ಹಿಂದೂ, ಮುಸ್ಲಿಮರಿಗೂ ವಿಸ್ತರಿಸಿದರು. ಪಾಲಿಸಿ ಮಾಡಿಸುವಾಗಲೇ ಹೇಳಿ ಬರೆಸಬೇಕು, ಅಷ್ಟೇ. ಏಜೆಂಟರು ತಾವಾಗಿ ಹೇಳಿದ್ದು ನಾನಂತೂ ಕಂಡಿಲ್ಲ.

ನಿಮ್ಮ ಪರಿಚಯದವರಿಗೆ ಇಂಥ ಫೋನು ಬಂದರೆ ಮರಣ ಪತ್ರದ ಪ್ರತಿ ಕಳಿಸಿ, ಬಾಕಿಯ ಲೆಕ್ಕ ಕಾಗದದಲ್ಲಿ ಕೊಡಿ ಅಂತ ಕೇಳಲಿ. ಕಂತಿನಲ್ಲಿ ಕಟ್ಟುತ್ತೇನೆ ಅಂತ ಯಾವುದಕ್ಕೂ ಸಹಿ ಹಾಕುವುದು ಬೇಡ. ಹಾಕಿದರೆ ಬ್ಯಾಂಕಿನವರು ಆ ಸಹಿ ಹಿಡಿದುಕೊಂಡೇ ಬರುತ್ತಾರೆ. ಹೆಂಡತಿ ತಾನೇ ಒಪ್ಪಿಕೊಂಡ ಸಾಲಕ್ಕೆ ಕಲ್ಯಾಣದ ವಿಜ್ಞಾನೇಶ್ವರರ ಲೆಕ್ಕದಲ್ಲೂ ವಿನಾಯಿತಿ ಇರಲಿಲ್ಲ.