ಹೆಬ್ಬೆಟ್ಟಿಗೂ ಒಂದು ಬೀಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಕಾದು ಮಾರಿದ ಹಣ ಈಗ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆಯ ಕೀಲಿಗಳಲ್ಲಿ ಒಂದು ರೈತನ ಹೆಬ್ಬೆರಳು. ಆನ್‌ಲೈನ್ ಮೋಸದ ಮಾತನ್ನು ಇಲ್ಲಿ ಹೆಬ್ಬೆಟ್ಟಿನಿಂದಲೇ ಶುರು ಮಾಡಬೇಕು.

ಹೆಬ್ಬೆಟ್ಟಿನ ಆಡಳಿತ ಚರಿತ್ರೆ ಅಪನಂಬಿಕೆಯಿಂದ ಹುಟ್ಟಿದ್ದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರಿನ ಹಿಂಬದಿಗೆ ಒತ್ತಿಸಿಕೊಂಡ. ಸಹಿ ನನ್ನದಲ್ಲವೆಂದು ಆತ ನಾಳೆ ಜಾರಿಕೊಳ್ಳಬಾರದೆಂಬುದು ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯೇ ತೆರೆಯಿತು. ಓದು ಬಾರದವರ ಸಾಲಪತ್ರ, ಕ್ರಯಪತ್ರಗಳಿಗೆಲ್ಲ ಹೆಬ್ಬೆಟ್ಟು ಸಹಿಯಾಯಿತು. ಅದು ಯಾವಾಗಲೂ ಬಡವನ ಬೆರಳು, ಬಲ್ಲಿದನ ಪೆಟ್ಟಿಗೆ.

ಕರ್ನಾಟಕದಲ್ಲಿ ಒಮ್ಮೆ ಇದು ತಿರುವುಮುರುವಾಯಿತು. 2000ದ ಸುಮಾರಿಗೆ ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ಬೆರಳು ಒತ್ತಬೇಕಾದವರು ತಾಲ್ಲೂಕು ಕಚೇರಿಯ ಸಿಬ್ಬಂದಿ. ದಾಖಲೆ ತಿದ್ದಿದವರು ಯಾರೆಂದು ಗೊತ್ತಾಗಲೆಂದೇ ಆ ಏರ್ಪಾಡು. ಆಧಾರ್ ಬಂದ ಮೇಲೆ ಬೆರಳು ಮತ್ತೆ ಜನರದಾಯಿತು. 2024ರಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ನಡೆದ ನೋಂದಣಿ ಅಕ್ರಮದ ದೂರಿನಿಂದ ರದ್ದಾಗಿ, ಮರುನೋಂದಣಿಗೆ ಬಯೋಮೆಟ್ರಿಕ್ ಬಂತು. ರೈತನ ಹೆಸರಿನಲ್ಲಿ ಬೇರೆಯವರು ನುಸುಳದಂತೆ ತಡೆಯುವ ಉಪಾಯವದು, ಒಳ್ಳೆಯದೇ.

ಆದರೆ ಅದಕ್ಕೆ ಒಂದು ವರ್ಷ ಮುಂಚೆ, 2023ರಲ್ಲಿ, ಇನ್ನೊಂದು ಮುಖ ಕಂಡಿತ್ತು. ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿ, ನಕಲಿ ಬೆರಳು ಮಾಡಿ, ಖಾತೆಗಳಿಂದ ಹಣ ತೆಗೆದ ಪ್ರಕರಣಗಳನ್ನು ಬೆಂಗಳೂರಿನ ಪೊಲೀಸರು ಪತ್ತೆ ಮಾಡಿದರು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಸಾಕು, ಒಟಿಪಿ ಬೇಕಿಲ್ಲ. ಫೋನನ್ನೇ ಮುಟ್ಟದವರ ಹಣವೂ ಹೋಗಬಹುದು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು.

ನಮ್ಮ ಹಿರಿಯರಿಗೆ ಇದಕ್ಕೆ ರೂಢಿಗಳಿದ್ದವು: ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು; ಒತ್ತುವ ಮುಂಚೆ ಮೂರನೆಯವರಿಂದ ಓದಿಸಿ ಕೇಳಬೇಕು; ಸಾಲ ತೀರಿದ ದಿನವೇ ಪತ್ರ ಹರಿಸಬೇಕು. ಇಂದಿನ ರೂಢಿಗಳೂ ಅವೇ, ವೇಷ ಬೇರೆ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ಮಾತ್ರ ತೆರೆಯುವುದು ಖಾಲಿ ಕಾಗದಕ್ಕೆ ಒತ್ತದಿರುವ ಹಾಗೆ. ಮೊದಲ ಸಲ ಆಗಲಿಲ್ಲ, ಇನ್ನೊಮ್ಮೆ ಒತ್ತಿ ಎಂದರೆ ರಸೀದಿ ಕೇಳಿ, ಮೆಸೇಜು ನೋಡುವುದು ಓದಿಸಿ ಕೇಳಿದ ಹಾಗೆ. ಕಾಯಿ ಸುಲಿದು ಸವೆದ ಬೆರಳುಗಳನ್ನು ಯಂತ್ರ ಹಲವು ಸಲ ಕೇಳುವುದುಂಟು, ಅಲ್ಲೇ ಎಚ್ಚರ ಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲವೆಂಬುದನ್ನೂ ಮನೆಯವರೆಲ್ಲ ತಿಳಿದಿರಬೇಕು.

ಇಷ್ಟಾದರೂ ಹಣ ಹೋದರೆ ನಾಚಿಕೊಂಡು ಕೂರಬಾರದು. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಪ್ಪು ಗ್ರಾಹಕನದೂ ಬ್ಯಾಂಕಿನದೂ ಅಲ್ಲದಿದ್ದಲ್ಲಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ನಿಯಮ ಹೇಳಿತು.

ಊರಿಗೆ ಹೋಗುವ ಮುಂಚೆ ಅಟ್ಟದ ಮನೆಗೆ ಬೀಗ ಹಾಕಿದ್ದೇವೆಯೇ ಎಂದು ಎರಡು ಸಲ ನೋಡುವ ಜನ ನಾವು. ಈ ಸಲ ಊರಿಗೆ ಹೋದಾಗ ಅಜ್ಜಿಯ ಬೆರಳಿಗೂ ಒಂದು ಬೀಗ ಹಾಕಿಕೊಟ್ಟು ಬರೋಣ. ಅದಕ್ಕೆ ಬೇಕಾದ್ದು ಐದು ನಿಮಿಷ.