ಒಂದು ದಿನದ ಎರವು

ಕ್ರೈಸ್ತ ಸಭೆಗಳು ಒಂದಾಗಬೇಕೆಂಬ ಮಾತು ಬಹಳ ಹಳೆಯದು. ಅದಕ್ಕಾಗಿ ಎಷ್ಟೋ ಸಮ್ಮೇಳನಗಳು ನಡೆದಿವೆ. ಎಷ್ಟೋ ನಿರ್ಣಯಗಳು ಅಚ್ಚಾಗಿವೆ. ಆದರೂ ಕೆಥೋಲಿಕರೂ ಪ್ರಾಟೆಸ್ಟೆಂಟರೂ ಒಂದೇ ಪ್ರಭುಭೋಜನದಲ್ಲಿ ಕೂಡುವ ದಿನ ಇನ್ನೂ ಬಂದಿಲ್ಲ. ಪೋಪರ ಅಧಿಕಾರವೆಷ್ಟು, ಸಂಸ್ಕಾರಗಳ ಸ್ವರೂಪವೇನು ಎಂಬ ವಿವಾದಗಳು ಐದು ಶತಮಾನಗಳಿಂದ ನಿಂತಲ್ಲೇ ನಿಂತಿವೆ. ಇವೆಲ್ಲ ತೀರುವ ತನಕ ಸಭೆಗಳು ಕೂಡಿ ಮಾಡಬಹುದಾದ ಕೆಲಸವೇ ಇಲ್ಲವೆ? ಈ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಮನಸ್ಸು ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶಕ್ಕೆ ಹೋಗುತ್ತದೆ. ಅಲ್ಲಿ 1979ರಿಂದ 1985ರವರೆಗೆ ಗುಟ್ಟಾಗಿ ನಡೆದ ಒಂದು ಕಾರ್ಯದಲ್ಲಿ ಇದಕ್ಕೆ ಉತ್ತರವಿದೆಯೆಂದು ನನ್ನ ನಂಬಿಕೆ.

1964ರಲ್ಲಿ ಬ್ರೆಜಿಲಿನ ಸೈನ್ಯವು ಚುನಾಯಿತ ಸರ್ಕಾರವನ್ನು ಉರುಳಿಸಿ ರಾಜ್ಯಭಾರವನ್ನು ಕೈಗೆ ತೆಗೆದುಕೊಂಡಿತು. 1968ರ ಡಿಸೆಂಬರಿನಲ್ಲಿ ಹೊರಟ ಒಂದು ಶಾಸನದಿಂದ ಪ್ರಜೆಗಳಿಗೆ ಉಳಿದಿದ್ದ ಅಲ್ಪಸ್ವಲ್ಪ ರಕ್ಷಣೆಯೂ ಹೋಯಿತು. ವಿದ್ಯಾರ್ಥಿಗಳು, ಕೂಲಿಕಾರರು, ಪತ್ರಿಕಾಕರ್ತರು, ಪಾದ್ರಿಗಳು, ಯಾರೆಂದರೆ ಅವರು ಸೆರೆಯಾದರು. ಸೆರೆಯಾದವರಿಗೆ ಚಿತ್ರಹಿಂಸೆ ಎಂಬುದು ದಿನದ ವಾಡಿಕೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ?

ಇಲ್ಲಿ ಸಭೆಗಳ ಚರಿತ್ರೆಯನ್ನು ಬಣ್ಣ ಕಟ್ಟಿ ಹೇಳಬೇಕಾಗಿಲ್ಲ. 1964ರಲ್ಲಿ ಕೆಥೋಲಿಕ ಬಿಷಪ್ಪರ ಸಂಘವು ಕಮ್ಯುನಿಸ್ಟರಿಂದ ದೇಶವನ್ನು ಪಾರುಮಾಡಿದ್ದಕ್ಕಾಗಿ ಸೈನ್ಯಕ್ಕೆ ಕೃತಜ್ಞತೆ ಹೇಳಿತ್ತು. ಪ್ರೆಸ್ಬಿಟೇರಿಯನ್ ಸಭೆಯ ಮುಖಂಡರೂ ಹೊಸ ಪ್ರಭುಗಳ ಪಕ್ಷವನ್ನೇ ವಹಿಸಿದ್ದರು. ಅನ್ಯಾಯವನ್ನು ಎದುರಿಸಿದವರು ಮೊದಲು ತಮ್ಮ ಮನೆಯವರನ್ನೇ ಎದುರಿಸಬೇಕಾಯಿತು. ಈ ಮಾತನ್ನು ಮರೆತರೆ ಮುಂದಿನ ಕಥೆಯ ಬೆಲೆ ತಿಳಿಯದು.

ಸಾವೊ ಪಾಲೊ ಮಹಾನಗರಕ್ಕೆ 1970ರಲ್ಲಿ ಆರ್ಚ್‌ಬಿಷಪ್ಪರಾಗಿ ಬಂದವರು ಪಾವ್ಲೊ ಎವರಿಸ್ಟೊ ಆರ್ನ್ಸ್. ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿ. 1973ರಲ್ಲಿ ಕಾರ್ಡಿನಲ್ ಪದವಿ ಪಡೆದವರು. ಅದೇ ವರ್ಷ ಅವರು ಬಿಷಪ್ಪರ ಅರಮನೆಯನ್ನು ಮಾರಿ, ಬಂದ ಹಣವನ್ನು ಊರಂಚಿನ ಬಡವರ ಕೇರಿಗಳಲ್ಲಿ ಸಮುದಾಯ ಕೇಂದ್ರಗಳನ್ನು ಕಟ್ಟಲು ಕೊಟ್ಟರು. ಸೆರೆಮನೆಗಳಿಗೆ ತಾವೇ ಹೋದರು. ಕಾಣೆಯಾದವರ ತಾಯಿತಂದೆಗಳು ಅವರ ಬಾಗಿಲಿಗೆ ಬರತೊಡಗಿದರು.

ಹಾಗೆ ನೊಂದವರಲ್ಲಿ ಜೈಮೆ ರೈಟ್ ಒಬ್ಬರು. ಅವರು ಕೆಥೋಲಿಕರಲ್ಲ, ಪ್ರೆಸ್ಬಿಟೇರಿಯನ್ ಬೋಧಕರು. ಅಮೆರಿಕದಿಂದ ಬಂದ ಮಿಷನರಿ ದಂಪತಿಗಳ ಮಗನಾಗಿ ಬ್ರೆಜಿಲಿನಲ್ಲೇ ಹುಟ್ಟಿದವರು. ಅವರ ತಮ್ಮ ಪಾವ್ಲೊ ರೈಟ್ ಸಾಂತಾ ಕತರೀನ ಪ್ರಾಂತದ ಬೆಸ್ತರಿಗಾಗಿ ಸಹಕಾರ ಸಂಘಗಳನ್ನು ಕಟ್ಟಿ, ಅಲ್ಲಿನ ಶಾಸನಸಭೆಗೆ ಆಯ್ಕೆಯಾಗಿದ್ದರು. 1964ರಲ್ಲಿ ಅವರ ಸದಸ್ಯತ್ವವನ್ನು ಕಿತ್ತುಕೊಳ್ಳಲಾಯಿತು. 1973ರ ಸೆಪ್ಟೆಂಬರಿನಲ್ಲಿ ಸಾವೊ ಪಾಲೊದಲ್ಲಿ ಸೆರೆಸಿಕ್ಕ ಅವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅಣ್ಣನ ನೋವಿಗೆ ಆಸರೆಯಾಗಿ ನಿಂತವರು ಕೆಥೋಲಿಕ ಕಾರ್ಡಿನಲ್. ಮುಂದೆ ಆರ್ನ್ಸರು ತಮ್ಮ ಕಚೇರಿಯಲ್ಲೇ ಜೈಮೆ ಅವರಿಗೆ ಸ್ಥಾನ ಕೊಟ್ಟು, ಅವರನ್ನು ತಮ್ಮ ಬಲಗೈಯನ್ನಾಗಿ ಮಾಡಿಕೊಂಡರು.

ದೇಶದ ಬೇರೆಡೆಗಳಲ್ಲೂ ಸಭೆಗಳು ಹತ್ತಿರ ಬರುತ್ತಿದ್ದುವು. 1973ರಲ್ಲಿ ಸಾಲ್ವದೋರ್ ನಗರದಲ್ಲಿ ಕೆಥೋಲಿಕರೂ ಪ್ರಾಟೆಸ್ಟೆಂಟರೂ ಕೂಡಿ ಒಂದು ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಅದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಬೈಬಲಿನ ವಚನಗಳೊಡನೆ ಜೋಡಿಸಿ ಕಿರುಹೊತ್ತಗೆಯಾಗಿ ಅಚ್ಚುಹಾಕಿ ಹಂಚಿತು.

1975ರ ಅಕ್ಟೋಬರ್ 25ರಂದು ವ್ಲಾದಿಮಿರ್ ಹೆರ್ಜೋಗ್ ಎಂಬ ಯೆಹೂದ್ಯ ಪತ್ರಿಕಾಕರ್ತರು ವಿಚಾರಣೆಗೆ ಕರೆಬಂದಾಗ ತಾವಾಗಿಯೇ ಸೈನ್ಯದ ಠಾಣೆಗೆ ಹೋದರು. ಅದೇ ದಿನ ಅಲ್ಲಿ ಸತ್ತರು. ಆತ್ಮಹತ್ಯೆ ಎಂದು ಸೈನ್ಯ ಹೇಳಿತು, ಯಾರೂ ನಂಬಲಿಲ್ಲ. ಆತ್ಮಹತ್ಯೆ ಮಾಡಿಕೊಂಡವರಿಗೆ ಯೆಹೂದ್ಯರ ಸ್ಮಶಾನದಲ್ಲಿ ಬೇರೆ ಮೂಲೆಯುಂಟು. ಹೆರ್ಜೋಗರನ್ನು ಆ ಮೂಲೆಯಲ್ಲಿ ಹೂಳಲಿಲ್ಲ. ಅಕ್ಟೋಬರ್ 31ರಂದು ಸಾವೊ ಪಾಲೊದ ಪ್ರಧಾನ ದೇವಾಲಯದಲ್ಲಿ ಕಾರ್ಡಿನಲ್ ಆರ್ನ್ಸ್, ರಬ್ಬಿ ಹೆನ್ರಿ ಸೋಬೆಲ್ ಮತ್ತು ಜೈಮೆ ರೈಟ್ ಒಟ್ಟಿಗೆ ನಿಂತು ಪ್ರಾರ್ಥನೆ ನಡೆಸಿದರು. ಪೋಲೀಸರು ದಾರಿಗಳನ್ನು ತಡೆದರೂ ಸುಮಾರು 8,000 ಜನ ಸೇರಿದರು. ಬಾಯಿಬಿಟ್ಟು ಘೋಷಣೆ ಕೂಗದೆ ಬಂದಂತೆಯೇ ಚದುರಿದರು. ಅಷ್ಟು ಜನ ಒಟ್ಟಿಗೆ ಬಂದದ್ದೇ ಸರ್ಕಾರಕ್ಕೆ ಹೇಳಬೇಕಾದುದನ್ನು ಹೇಳಿತ್ತು.

ಪ್ರಾರ್ಥನೆಯಿಂದ ಧೈರ್ಯ ಬರಬಹುದು, ಸಾಕ್ಷ್ಯ ಬರುವುದಿಲ್ಲ. ಸಾಕ್ಷ್ಯಕ್ಕೆ ದಾರಿ ತೆರೆದದ್ದು 1979ರ ಆಗಸ್ಟಿನ ಕ್ಷಮಾದಾನ ಶಾಸನ. ಅದು ಸೆರೆಯಲ್ಲಿದ್ದವರನ್ನೂ ದೇಶಭ್ರಷ್ಟರನ್ನೂ ಕ್ಷಮಿಸಿತು. ಹಿಂಸಿಸಿದವರಿಗೂ ಅದೇ ಕೊಡೆಯ ನೆರಳು ಸಿಕ್ಕಿತು. ಕಕ್ಷಿಗಾರರ ಪರವಾಗಿ ಅರ್ಜಿ ಬರೆಯುವ ವಕೀಲರು ಬ್ರಸೀಲಿಯ ನಗರದಲ್ಲಿದ್ದ ಸರ್ವೋಚ್ಚ ಸೈನಿಕ ನ್ಯಾಯಾಲಯದಿಂದ ಕಡತಗಳನ್ನು ಎರವು ಪಡೆಯಬಹುದಾಗಿತ್ತು. ಅವಧಿ 24 ಗಂಟೆ ಮಾತ್ರ.

ಆ ಕಡತಗಳಲ್ಲಿ ಏನಿತ್ತು? ಆಪಾದಿತರು ಸೈನಿಕ ನ್ಯಾಯಾಧೀಶರ ಮುಂದೆ ನಿಂತು, ತಮ್ಮ ತಪ್ಪೊಪ್ಪಿಗೆಗಳನ್ನು ಚಿತ್ರಹಿಂಸೆಯಿಂದ ಪಡೆಯಲಾಯಿತೆಂದು ಹೇಳಿದ್ದರು. ಎಲ್ಲಿ, ಯಾವಾಗ, ಯಾರ ಕೈಯಿಂದ ಎಂಬುದನ್ನೂ ಹೇಳಿದ್ದರು. ನ್ಯಾಯಾಧೀಶರು ಕಿವಿಗೊಡಲಿಲ್ಲ, ಆದರೆ ಗುಮಾಸ್ತರು ಅದೆಲ್ಲವನ್ನೂ ಪದ್ಧತಿಯಂತೆ ಬರೆದುಕೊಂಡಿದ್ದರು. ಸರ್ಕಾರದ ಅಪರಾಧಕ್ಕೆ ಸರ್ಕಾರದ ದಫ್ತರವೇ ಸಾಕ್ಷಿಯಾಗಿತ್ತು!

ಎನಿ ಮೊರೈರಾ ಮೊದಲಾದ ವಕೀಲರು ಇದನ್ನು ಕಂಡುಕೊಂಡರು. ಆರ್ನ್ಸ್ ಮತ್ತು ರೈಟ್ ಕೆಲಸವನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಬ್ರಸೀಲಿಯದಲ್ಲಿ ಒಂದು ಕಚೇರಿಯನ್ನು ಬಾಡಿಗೆಗೆ ಹಿಡಿದು ನಕಲು ಯಂತ್ರಗಳನ್ನು ಇಟ್ಟರು. ಬೆಳಿಗ್ಗೆ ತಂದ ಕಡತ ಮರುದಿನ ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ಹಾಳೆ ಹಾಳೆಯ ನಕಲೂ ಆಗಬೇಕು. ಹೀಗೆ ಹನಿಹನಿಯಾಗಿ ಕೂಡಿದ್ದು 707 ಪೂರ್ಣ ಮೊಕದ್ದಮೆಗಳು, ಸುಮಾರು 10 ಲಕ್ಷ ಪುಟ. ಸೈನ್ಯಕ್ಕೆ ಸುಳಿವು ಸಿಗಲಿಲ್ಲ.

ಹಣ? ಅದು ಬಂದದ್ದು ಜಿನೀವಾದಿಂದ. 1948ರಲ್ಲಿ ಸ್ಥಾಪನೆಯಾದ ಜಾಗತಿಕ ಚರ್ಚುಗಳ ಮಂಡಲಿ ಪ್ರಾಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ಒಕ್ಕೂಟ. ನಮ್ಮವರಿಗೆ ಅದು ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು ನಡೆಸಿದ ಎಂ. ಎಂ. ಥಾಮಸರು 1968ರಿಂದ 1975ರವರೆಗೆ ಅದರ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು. ರೋಮಿನ ಸಭೆ ಈ ಮಂಡಲಿಯ ಸದಸ್ಯತ್ವವನ್ನು ಪಡೆದಿಲ್ಲ. ಆದರೂ ಅದರ ಮಹಾಕಾರ್ಯದರ್ಶಿ, ಮೆಥೊಡಿಸ್ಟ್ ಪಂಥದ ಫಿಲಿಪ್ ಪಾಟರ್, ಒಬ್ಬ ಕೆಥೋಲಿಕ ಕಾರ್ಡಿನಲ್ಲರ ಮಾತನ್ನು ನಂಬಿ ಸದ್ದಿಲ್ಲದೆ ಹಣ ಒದಗಿಸಿದರು. ಪುಟಗಳನ್ನೆಲ್ಲ ಮೈಕ್ರೊಫಿಲ್ಮಿಗೆ ಇಳಿಸಿ 543 ಸುರುಳಿಗಳನ್ನು ಮಾಡಲಾಯಿತು. ಸೈನ್ಯದ ಕೈಗೆ ಸಿಗದಂತೆ ಒಂದು ಪ್ರತಿ ಜಿನೀವಾ ಸೇರಿತು.

1985ರ ಮಾರ್ಚಿನಲ್ಲಿ ನಾಗರಿಕ ಸರ್ಕಾರ ಬಂದಿತು. ಜುಲೈ ತಿಂಗಳಲ್ಲಿ, ಮುನ್ಸೂಚನೆಯೇ ಇಲ್ಲದೆ, ಆ ಕಡತಗಳ ಸಾರವಾದ 'ಬ್ರೆಜಿಲ್: ಇನ್ನೆಂದಿಗೂ ಬೇಡ' ಎಂಬ ಪುಸ್ತಕ ಅಂಗಡಿಗಳಿಗೆ ಬಂದಿತು. ಬರೆದವರ ಹೆಸರಿರಲಿಲ್ಲ, ಆರ್ನ್ಸ್ ಮತ್ತು ಪಾಟರರ ಮುನ್ನುಡಿಗಳಿದ್ದುವು. ಜನ ಮುಗಿಬಿದ್ದು ಕೊಂಡರು. ನವೆಂಬರಿನಲ್ಲಿ, ಚಿತ್ರಹಿಂಸೆಯ ಆಪಾದನೆ ಹೊತ್ತ 444 ಮಂದಿಯ ಪಟ್ಟಿಯೂ ಪ್ರಕಟವಾಯಿತು.

ಇದರಿಂದ ನ್ಯಾಯ ದೊರಕಿತೆ? ಪೂರ್ತಿಯಾಗಿ ಇಲ್ಲ. ಕ್ಷಮಾದಾನ ಶಾಸನವನ್ನು ದೇಶದ ಪರಮೋಚ್ಚ ನ್ಯಾಯಾಲಯವು 2010ರಲ್ಲೂ ಎತ್ತಿಹಿಡಿಯಿತು. ಆದರೆ ಸತ್ಯ ತನ್ನ ನಿಧಾನದ ಹೆಜ್ಜೆಯಲ್ಲಿ ನಡೆಯಿತು. 2011ರಲ್ಲಿ ಹೊರದೇಶದಲ್ಲಿ ಕಾಪಿಟ್ಟಿದ್ದ ದಾಖಲೆಗಳು ಬ್ರೆಜಿಲಿಗೆ ಮರಳಿದುವು. 2013ರಲ್ಲಿ ಹೆರ್ಜೋಗರ ಕುಟುಂಬಕ್ಕೆ ತಿದ್ದಿದ ಮರಣಪತ್ರ ದೊರೆಯಿತು. ಅದರಲ್ಲಿ ಆತ್ಮಹತ್ಯೆಯ ಮಾತಿರಲಿಲ್ಲ. 2014ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸತ್ಯ ಆಯೋಗವು ಸತ್ತ ಹಾಗೂ ಕಾಣೆಯಾದ 434 ಮಂದಿಯ ವಿವರಗಳನ್ನು ದೇಶದ ಮುಂದಿಟ್ಟಿತು.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಐಕ್ಯದ ಒಂದು ಬಗೆ. ಯಾರೂ ತಮ್ಮ ಮತವನ್ನು ಬಿಡಲಿಲ್ಲ. ಇನ್ನೊಬ್ಬರನ್ನು ಬಿಡಿಸಲೂ ಹೋಗಲಿಲ್ಲ. ಕೆಥೋಲಿಕ ಸಭೆಗೆ ಆ ದೇಶದಲ್ಲಿ ಸೈನ್ಯವೂ ಅಂಜುವಷ್ಟು ಬಲವಿತ್ತು. ಆ ಬಲದ ನೆರಳನ್ನು ಅದು ಕೊಟ್ಟಿತು. ಹೊರದೇಶದ ಸಭೆಗಳ ಬಳಿ ಹಣವೂ ಸುರಕ್ಷಿತವಾದ ಕಪಾಟೂ ಇದ್ದುವು. ಅವನ್ನು ಅವು ಕೊಟ್ಟವು. ಜೈಮೆ ರೈಟ್ ಅವರಲ್ಲಿ ಇದ್ದುದು ತಮ್ಮನ ದುಃಖ, ಎರಡೂ ಕಡೆಯವರ ವಿಶ್ವಾಸ. ಅವನ್ನು ಅವರು ದುಡಿಮೆಯನ್ನಾಗಿ ಮಾಡಿದರು. ಯಾವ ಒಂದು ಸಭೆಯೂ ಇದನ್ನು ಒಂಟಿಯಾಗಿ ಮಾಡಲಾರದಾಗಿತ್ತು. ದೇವತಾಶಾಸ್ತ್ರದ ಪ್ರಶ್ನೆಗಳು ಸಣ್ಣವೆಂದು ನಾನು ಹೇಳುವುದಿಲ್ಲ. ಆದರೆ ನೊಂದವನು ಅವು ತೀರುವ ತನಕ ಕಾಯಲಾರ.

ಜೈಮೆ ರೈಟ್ 1999ರಲ್ಲಿ ತೀರಿಕೊಂಡರು. ಆರ್ನ್ಸರು 2016ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ. ಅಣ್ಣ ಬದುಕಿರುವ ತನಕವೂ ಪಾವ್ಲೊ ರೈಟರ ದೇಹ ಸಿಗಲಿಲ್ಲ. ಆದರೆ ಇಂಥವರು ಇದ್ದರು, ಇಂಥವರ ಕೈಗೆ ಸಿಕ್ಕರು ಎಂಬುದನ್ನು ಇನ್ನು ಯಾವ ಸರ್ಕಾರವೂ ಇಲ್ಲವೆನ್ನಲಾರದು. ಅದರ ನಕಲು ಒಂದಕ್ಕಿಂತ ಹೆಚ್ಚು ಕಡೆ ಭದ್ರವಾಗಿದೆ.